ನಮ್ಮ ಡಿಟಿಪಿ ಅಂಗಡಿಯಲ್ಲಿ ಅವಾಹಿ: 5ಕ್ಕೆ 4 ಅಂಕ

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿ. ಡಿಸೈನ್ ಫೈಲುಗಳೆಲ್ಲ ಲಿನಕ್ಸ್ ಮಿಂಟ್ ಹಾಕಿದ ಹಳೇ ಡೆಸ್ಕ್‌ಟಾಪಿನಲ್ಲಿವೆ. ನುಡಿ, ಕೋರಲ್‌ಡ್ರಾ ನಡೆಯುವುದು ವಿಂಡೋಸ್ ಸಿಸ್ಟಮ್‌ಗಳಲ್ಲಿ. ಕರೆಂಟ್ ಹೋಗಿ ಬಂದರೆ ಸಾಕು, ರೌಟರ್ ಕಂಪ್ಯೂಟರುಗಳಿಗೆ ಐಪಿಗಳನ್ನು, ಅಂದರೆ ನೆಟ್‌ವರ್ಕ್ ವಿಳಾಸಗಳನ್ನು, ಹೊಸದಾಗಿ ಹಂಚಿಬಿಡುತ್ತದೆ. "ಅಣ್ಣಾರ, ಫೋಲ್ಡರ್ ತೆರೀವಲ್ದು" ಅಂತ ಹುಡುಗರ ರಾಗ ಶುರು. ಲಗ್ನದ ಸೀಸನ್‌ನಲ್ಲಿ ಇದನ್ನು ಯಾರು ಕೇಳುತ್ತಾ ಕೂರುತ್ತಾರೆ? ಅದಕ್ಕೇ ಐಪಿ ಬದಲು ಹೆಸರಿನಿಂದಲೇ ಕಂಪ್ಯೂಟರ್ ಹುಡುಕಿಕೊಡುವ ಅವಾಹಿ ಎಂಬ ಲಿನಕ್ಸ್ ತಂತ್ರಾಂಶದ ಮೊರೆ ಹೋದೆ.

ಎಲ್ಲರೂ ಹೇಳುವ ಉಪಾಯ ಹೋಸ್ಟ್ಸ್ ಫೈಲ್. ಸಾಲಿಗೊಂದು ಐಪಿ, ಅದರ ನಂತರ ಹೆಸರು. ಆದರೆ ಪ್ರತಿ ಕಂಪ್ಯೂಟರಿನಲ್ಲೂ ಬರೆಯಬೇಕು, ಐಪಿ ಬದಲಾದರೆ ಎಲ್ಲ ಕಡೆ ತಿದ್ದಬೇಕು. ವಿಂಡೋಸ್‌ನಲ್ಲಿ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಸೇವ್ ಕೂಡ ಆಗುವುದಿಲ್ಲ.

ಅವಾಹಿಗೆ ಈ ಗೋಳಿಲ್ಲ. ಮಿಂಟ್, ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಮೊದಲೇ ಇರುತ್ತದೆ, ದುಡ್ಡೂ ಬೇಡ. ಫೈಲುಗಳ ಕಂಪ್ಯೂಟರಿಗೆ ಗೋದಾಮು ಅಂತ ಹೆಸರಿಟ್ಟೆ, ಅಕ್ಷರ ಮಾತ್ರ ಇಂಗ್ಲಿಷಿನವು. ಈಗ ಹುಡುಗರು 'ಗೋದಾಮು ಡಾಟ್ ಲೋಕಲ್' ಅಂತ ಟೈಪ್ ಮಾಡುತ್ತಾರೆ. ಅವರ ಸಿಸ್ಟಮ್ 224.0.0.251 ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ, "ಗೋದಾಮು ಯಾರು?" ಎಂದು ಕೂಗುತ್ತದೆ. ಹೆಸರಿನ ಯಜಮಾನ ತನ್ನ ಇವತ್ತಿನ ಐಪಿ ಹೇಳುತ್ತಾನೆ. ನಡುವೆ ಸರ್ವರ್ ಇಲ್ಲ. ವಿಂಡೋಸ್ 10ರ ಈಚಿನ ಆವೃತ್ತಿಗಳಿಗೆ, 11ಕ್ಕೆ ಇದು ತಾನಾಗಿಯೇ ಅರ್ಥವಾಗುತ್ತದೆ. ಒಂದು ಮಾತು: ಫೋಲ್ಡರ್ ಹಂಚುವುದು ಸಾಂಬಾ ಎಂಬ ಬೇರೆ ತಂತ್ರಾಂಶದ ಕೆಲಸ, ಅವಾಹಿ ಬರೀ ಹೆಸರು ಹುಡುಕಿಕೊಡುತ್ತದೆ.

ಬೇರೆ ಕಂಪ್ಯೂಟರುಗಳ ಹೆಸರು ಲಿನಕ್ಸಿಗೆ ಸಿಗದಿದ್ದರೆ, ಹೆಸರನ್ನು ಎಲ್ಲೆಲ್ಲಿ ಯಾವ ಕ್ರಮದಲ್ಲಿ ಹುಡುಕಬೇಕೆಂದು ಬರೆದಿರುವ ಎನ್‌ಎಸ್‌ಎಸ್‌ವಿಚ್ ಫೈಲಿನ ಹೋಸ್ಟ್ಸ್ ಸಾಲು ನೋಡಿ. ಅಲ್ಲಿ ಎಂಡಿಎನ್‌ಎಸ್‌4 ಮಿನಿಮಲ್ (ಹೀಗೆ ಕೂಗಿ ಕೇಳುವ ವಿಧಾನ) ಎಂಬುದು ಹೆಸರಿನ ಸರ್ವರನ್ನು ಕೇಳುವ ಡಿಎನ್‌ಎಸ್‌ಗಿಂತ ಮೊದಲು ಇರಬೇಕು. ಫೈರ್‌ವಾಲ್‌ನಲ್ಲಿ ಯುಡಿಪಿ 5353 ತೆರೆದಿರಬೇಕು.

ಒಂದು ಅಂಕ ಯಾಕೆ ಕಡಿದೆ? ಒಂದೇ ಹೆಸರಿನ ಎರಡು ಸಿಸ್ಟಮ್ ಸಿಕ್ಕರೆ ಅವಾಹಿ ಒಂದರ ಬಾಲಕ್ಕೆ ಸುಮ್ನೆ '-2' ಅಂಟಿಸುತ್ತದೆ. ಪರದೆಯ ಮೇಲೆ ಒಂದು ಸೂಚನೆಯೂ ಇಲ್ಲ. ಹಾರ್ಡ್ ಡಿಸ್ಕ್ ಕ್ಲೋನ್ ಮಾಡಿ ಸಿಸ್ಟಮ್ ಕೂರಿಸುವವರು ಮೊದಲು ಹೆಸರು ಬದಲಿಸಿಕೊಳ್ಳಿ. ಇನ್ನು ಈ ಕೂಗು ರೌಟರ್ ದಾಟಿ ಆಚೆ ನೆಟ್‌ವರ್ಕಿಗೆ ಕೇಳಿಸುವುದಿಲ್ಲ. ಗೆಸ್ಟ್ ವೈಫೈನಲ್ಲಿ ಕೂತ ಗಿರಾಕಿಗೆ ನಮ್ಮ ಗೋದಾಮು ಸಿಗದಿರುವುದು ನನಗೆ ಒಳ್ಳೆಯದೇ. ಆದರೆ ಮಹಡಿಗೊಂದು ನೆಟ್‌ವರ್ಕ್ ಇರುವ ಆಫೀಸಿನವರು ರೌಟರಿನಲ್ಲೇ ಐಪಿ ಕಾಯಂ ಮಾಡಿಸಿ, ಹೋಸ್ಟ್ಸ್ ಫೈಲನ್ನೇ ಇಟ್ಟುಕೊಳ್ಳಲಿ.