ಹೈದರಾಬಾದಿನಲ್ಲಿ ಯುಗಾದಿಯ ರಾತ್ರಿಯೂಟ: ಬಫೆಯೋ, ಥಾಳಿಯೋ, ಕರ್ರಿ ಪಾಯಿಂಟೋ?

ರಾಯಚೂರಿನವರಿಗೆ ಹೈದರಾಬಾದು ಪರಊರಲ್ಲ; ಆಸ್ಪತ್ರೆಗೆ, ಜವಳಿಗೆ, ಮಕ್ಕಳ ರಜೆಗೆ ಬೆಂಗಳೂರಿಗಿಂತ ಮೊದಲು ಅತ್ತಲೇ ಮುಖ ಮಾಡುತ್ತೇವೆ. ಯುಗಾದಿಯ ದಿನ ಬೆಳಿಗ್ಗೆ ಮನೆಯಲ್ಲಿ ಬೇವು ಕುಡಿದು, ಸಂಜೆಯ ಹೊತ್ತಿಗೆ ಅಲ್ಲಿ ತಲುಪಿದವರು ವಯಸ್ಸಾದ ತಾಯಿಗೂ ಸಣ್ಣ ಮಕ್ಕಳಿಗೂ ರಾತ್ರಿ ಹಬ್ಬದೂಟವನ್ನು ಎಲ್ಲಿ ಹುಡುಕಬೇಕು ಎಂದು ಕೇಳಿದರೆ ನಾನು ಹೇಳುವುದು ಒಂದೇ: ಮಾಡಿದ ಅಡುಗೆಯನ್ನು ಕಟ್ಟಿಕೊಡುವ ಓಣಿಯ ಅಂಗಡಿಯಾದ ಕರ್ರಿ ಪಾಯಿಂಟಿನಿಂದ ಪಪ್ಪು (ಬೇಳೆಯ ತೊವ್ವೆ), ಪಲ್ಯ, ಅನ್ನ ತನ್ನಿ, ಮನೆಯ ರುಚಿಯ ಸಿಹಿತಿಂಡಿ ಮಾರುವ ಸ್ವಗೃಹ ಅಂಗಡಿಯಿಂದ ಹೋಳಿಗೆ ತನ್ನಿ, ಕೋಣೆಯಲ್ಲಿಯೇ ಕುಳಿತು ಉಣ್ಣಿ.

ದೊಡ್ಡ ಹೋಟೆಲಿನ ಬಫೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಲೆಗೆ ಸಾವಿರಕ್ಕೂ ಮೇಲೆ ತೆತ್ತು ಒಳಗೆ ಹೋದರೆ ಮಕ್ಕಳು ಐಸ್‌ಕ್ರೀಮಿನ ಮುಂದಿನಿಂದ ಕದಲಲಿಲ್ಲ, ತಾಯಿಯವರು ನಾಲ್ಕು ತುತ್ತು ಮೊಸರನ್ನ ಉಂಡು ಕೈ ತೊಳೆದರು.

ಥಾಳಿ ಹೋಟೆಲಿನ ವಿಷಯವನ್ನು ಮಾತ್ರ ವಿವರವಾಗಿಯೇ ಹೇಳಬೇಕು. 2024ರಲ್ಲಿ ಯುಗಾದಿ ಏಪ್ರಿಲ್ 9ರಂದು ಬಂದಿತ್ತು; ರಂಜಾನ್ ಮುಗಿಯಲು ಎರಡೇ ದಿನ ಉಳಿದಿದ್ದವು. ಆ ದಿನಗಳಲ್ಲಿ ಚಾರ್‌ಮಿನಾರ್, ಪತ್ತರ್‌ಗಟ್ಟಿಯ ಕಡೆ ನಡುರಾತ್ರಿ ದಾಟಿದರೂ ಅಂಗಡಿಗಳು ಮುಚ್ಚುವುದಿಲ್ಲ, ಹಲೀಮಿನ ಭಟ್ಟಿಗಳ ಮುಂದೆ ಜನ ಕರಗುವುದಿಲ್ಲ, ಆಟೋ ಮುಂದಕ್ಕೆ ಸಾಗುವುದಿಲ್ಲ. ಹೆಸರಾದ ಒಂದು ಸಸ್ಯಾಹಾರಿ ಹೋಟೆಲಿಗೆ ಮೊದಲೇ ಫೋನ್ ಮಾಡಿ ಯುಗಾದಿ ಸ್ಪೆಷಲ್ ಊಟ ಇದೆಯೇ ಎಂದು ಕೇಳಿದೆವು. ಇದೆ, ಬನ್ನಿ ಎಂದರು. ಆ ಜನಜಂಗುಳಿಯನ್ನು ತಪ್ಪಿಸಿ ಸುತ್ತುಬಳಸಿ ಅಲ್ಲಿಗೆ ಹೋಗಿ, ಟೋಕನ್ ಹಿಡಿದು, ತಾಯಿಯವರನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಗಂಟೆಗಟ್ಟಲೆ ಕಾದ ಮೇಲೆ ಒಳಗೆ ಜಾಗ ಸಿಕ್ಕಿತು. ಆಗ ಬಡಿಸುವವನು, ಸ್ಪೆಷಲ್ ಥಾಳಿ ಮಧ್ಯಾಹ್ನಕ್ಕೇ ಮುಗಿಯಿತು, ಈಗ ರೋಟಿ, ಪನೀರು, ಫ್ರೈಡ್ ರೈಸ್ ಮಾತ್ರ ಎಂದ. ಹೋಳಿಗೆ, ಪುಳಿಹೋರ, ಮಾವಿನಕಾಯಿ ಪಪ್ಪುಗಳ ಚಿತ್ರವಿದ್ದ ಬ್ಯಾನರು ಅವನ ಬೆನ್ನ ಹಿಂದೆಯೇ ತೂಗುತ್ತಿತ್ತು. “ಹಬ್ಬದ ದಿನ ಫ್ರೈಡ್ ರೈಸ್ ಉಣ್ಣಬೇಕೇನಪ್ಪಾ?” ಎಂದು ತಾಯಿಯವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇದು ಆ ಒಂದು ಹೋಟೆಲಿನ ಗುಣವಲ್ಲ. ತೆಲುಗರ ಮನೆಗಳಲ್ಲಿಯೂ ನಮ್ಮ ಬೇವಿನಂತಹ ಯುಗಾದಿ ಪಚ್ಚಡಿ ತಿಂದ ಮೇಲಿನ ದೊಡ್ಡ ಊಟ ಮಧ್ಯಾಹ್ನದ್ದೇ, ಹೋಟೆಲುಗಳೂ ಅದಕ್ಕೆ ತಕ್ಕಂತೆಯೇ ಅಡುಗೆ ಮಾಡುತ್ತವೆ. ಆದ್ದರಿಂದ ಫೋನಿನಲ್ಲಿ ಕೇಳಬೇಕಾದದ್ದು ಊಟ ಇದೆಯೇ ಎಂದಲ್ಲ, ಎಷ್ಟು ಗಂಟೆಯವರೆಗೆ ಬಡಿಸುತ್ತೀರಿ ಎಂದು. ಅದನ್ನು ಅವರು ತಾವಾಗಿ ಹೇಳುವುದಿಲ್ಲ.

ಆ್ಯಪಿನಲ್ಲಿ ತರಿಸಿದ ಹೋಳಿಗೆ ಮುಚ್ಚಿದ ಡಬ್ಬಿಯಲ್ಲಿ ಬೆವೆತು ಮುದ್ದೆಯಾಗಿರುತ್ತದೆ.

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂದು, ಮರುದಿನ ರಂಜಾನ್ ಹಬ್ಬದ ರಜೆಯೂ ಸೇರಿತ್ತು. ಆ ಸಲ ಕಾಚಿಗುಡದ ಬಳಿ ಇಳಿದುಕೊಂಡು, ಏಳು ಗಂಟೆಗೆ ಮುಂಚೆಯೇ ಓಣಿಯ ಕರ್ರಿ ಪಾಯಿಂಟಿಗೆ ಹೋದೆ. ಅಗಲವಾದ ಸ್ಟೀಲು ಪಾತ್ರೆಗಳು ಸಾಲಾಗಿದ್ದವು. ಹುಡುಗನೊಬ್ಬ ಸೌಟಿನಿಂದ ಬಿಸಿ ಪಪ್ಪನ್ನು ಸಣ್ಣ ಕವರಿಗೆ ಹೊಯ್ದು, ಬಾಯಿ ತಿರುಚಿ, ಹಲ್ಲು ಮುಟ್ಟಿಸದೆ ಒಂದೇ ಕೈಯಲ್ಲಿ ದಾರ ಸುತ್ತಿ ಬಿಗಿಯುತ್ತಿದ್ದ. ಗೋಂಗೂರ ಎಂಬ ಹುಳಿಸೊಪ್ಪಿನ ಪಪ್ಪು, ಬದನೆಕಾಯಿ, ಸಾರು, ಪುಳಿಹೋರ, ಅನ್ನ ಎಲ್ಲವೂ ಸಿಕ್ಕಿದವು. ಗೋಂಗೂರ ಪಪ್ಪಿನ ಹುಳಿ ಖಾರಗಳು ನಮ್ಮ ಕಡೆಯ ಪುಂಡಿಪಲ್ಯಕ್ಕೆ ಎಷ್ಟು ಹತ್ತಿರವೆಂದರೆ ತಾಯಿಯವರು ಮತ್ತೆ ಬಡಿಸಿಕೊಂಡರು. ಸ್ವಗೃಹ ಅಂಗಡಿಯಲ್ಲಿ ಹೋಳಿಗೆ ಹೆಂಚಿನಿಂದ ಇಳಿದಂತೆಯೇ ಕಾಗದದಲ್ಲಿ ಸುತ್ತಿ ಕೊಟ್ಟರು. ತುಪ್ಪದ ಡಬ್ಬಿ ಊರಿನಿಂದಲೇ ಬಂದಿತ್ತು, ಪತ್ರಾವಳಿ ಕಿರಾಣಿ ಅಂಗಡಿಯಲ್ಲಿ ದೊರೆಯಿತು. ಬಫೆಯ ಒಂದು ತಟ್ಟೆಯ ದುಡ್ಡಿನೊಳಗೆ ಮನೆಮಂದಿಯೆಲ್ಲರ ಊಟ ಮುಗಿಯಿತು.

ಕೊರತೆಗಳೂ ಇವೆ. ಹಬ್ಬದ ದಿನ ಕೆಲವು ಕರ್ರಿ ಪಾಯಿಂಟುಗಳು ತೆರೆಯುವುದೇ ಇಲ್ಲ, ತೆರೆದವುಗಳಲ್ಲಿ ಎಂಟರ ನಂತರ ಪಾತ್ರೆಗಳು ಬರಿದಾಗಿರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಪುಳಿಹೋರ, ಮೊಸರು ಬಿಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ.

ಮಧ್ಯಾಹ್ನದೊಳಗೆ ಹೈದರಾಬಾದು ಸೇರುವವರು ಧಾರಾಳವಾಗಿ ಥಾಳಿ ಹೋಟೆಲಿಗೇ ಹೋಗಲಿ, ಆ ಹೊತ್ತಿನ ಊಟಕ್ಕೆ ಹೆಸರಿಡುವಂತಿಲ್ಲ. ಸಂಜೆ ತಲುಪುವವರು ಮಾತ್ರ ಕೋಣೆ ಹಿಡಿಯುವ ಮುನ್ನವೇ ಹೊರಗಿನ ಊಟವನ್ನು ಒಳಗೆ ತರಲು ಬಿಡುತ್ತಾರೆಯೇ ಎಂದು ಲಾಡ್ಜಿನವರನ್ನು ಕೇಳಿಕೊಳ್ಳಬೇಕು. ಬಿಡದಿದ್ದರೆ ಬೇರೆ ಲಾಡ್ಜು ನೋಡುವುದೇ ಸರಿ.