ಮಂಡಿ ಲೆಕ್ಕದ ಮ್ಯಾಕ್ರೋಗೆ ಪೈವಿನ್32 ಇರಲೋ, ಓಪನ್‌ಪೈಎಕ್ಸೆಲ್ ಬರಲೋ?

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಲೆಕ್ಕದ ಎಕ್ಸೆಲ್ ಮ್ಯಾಕ್ರೋವನ್ನು ಪೈಥಾನ್‌ನಿಂದ ಓಡಿಸಿದರೆ 1004 ಎರರ್ (ಎಕ್ಸೆಲ್ ಕೊಡುವ ಸಾಮಾನ್ಯ ದೋಷ ಸಂದೇಶ), ಪೈಥಾನ್‌ನಿಂದ ಎಕ್ಸೆಲ್ಲನ್ನೇ ನಡೆಸುವ ಪೈವಿನ್32 ಲೈಬ್ರರಿ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಹಳೇ ಮ್ಯಾಕ್ರೋನೇ ಓಡಬೇಕೆಂದರೆ ಬಿಡಬೇಡಿ; ಎಕ್ಸೆಲ್ ಇಲ್ಲದೆಯೇ ಫೈಲನ್ನು ಓದಿ ಬರೆಯುವ ಪೈಥಾನ್ ಲೈಬ್ರರಿ ಓಪನ್‌ಪೈಎಕ್ಸೆಲ್ ಮ್ಯಾಕ್ರೋ ಓಡಿಸುವುದೇ ಇಲ್ಲ.

ದೋಷ ಹುಡುಕುವಾಗ ಮಾತ್ರ ಪೈವಿನ್32 ತಲೆನೋವು. ಹೊರಗಿನ ಪ್ರೋಗ್ರಾಂ ಎಬ್ಬಿಸಿದ ಎಕ್ಸೆಲ್, ಎಲ್ಲ ಫೈಲುಗಳಿಗೂ ಬೇಕಾದ ಮ್ಯಾಕ್ರೋ ಇಟ್ಟುಕೊಳ್ಳುವ ಪರ್ಸನಲ್ ವರ್ಕ್‌ಬುಕ್ಕನ್ನು ತಾನಾಗಿ ತೆರೆಯುವುದಿಲ್ಲ. ಮ್ಯಾಕ್ರೋ ಅಲ್ಲಿದ್ದರೆ ಆ ಫೈಲನ್ನು ಮೊದಲು ತೆರೆದು, ಫೈಲಿನ ಹೆಸರು, ಆಶ್ಚರ್ಯಸೂಚಕ ಚಿಹ್ನೆ, ಮ್ಯಾಕ್ರೋ ಹೆಸರು ಸೇರಿಸಿ ಕರೆಯಿರಿ. ಎಕ್ಸೆಲ್ ಪರದೆ ಮೇಲೆ ಕಾಣುವಂತೆ ವಿಸಿಬಲ್ ಟ್ರೂ ಮಾಡಿಯೂ ನೋಡಿ. ಎಷ್ಟೋ ಸಲ ಕಣ್ಣಿಗೆ ಕಾಣದ ಮೆಸೇಜ್ ಬಾಕ್ಸೊಂದು ಓಕೆಗಾಗಿ ಕಾಯ್ತಾ ಕೂತಿರುತ್ತೆ!

ಎರಡೂ ಉಚಿತವೇ, ಆದರೆ ಪೈವಿನ್32ಗೆ ವಿಂಡೋಸ್ ಮತ್ತು ಎಕ್ಸೆಲ್ ಬೇಕು. ಬರೀ ತೂಕ, ದರ ತುಂಬಿಸೋದಾದರೆ ಓಪನ್‌ಪೈಎಕ್ಸೆಲ್ ಸಾಕು, ಲಿನಕ್ಸ್‌ನಲ್ಲೂ ನಡೆಯುತ್ತೆ. ಆದರೆ ಫೈಲ್ ತೆರೆಯುವಾಗ ಮ್ಯಾಕ್ರೋ ಉಳಿಸುವ ಕೀಪ್_ವಿಬಿಎ ಟ್ರೂ ಕೊಡದೆ ಸೇವ್ ಮಾಡಿದಿರೋ, ಫೈಲಿನ ಮ್ಯಾಕ್ರೋ ಹೋಯಿತು.