ಹಸಿ ಅರಿಶಿನ, ಕೊಂಬಿನ ಪುಡಿ, ಕ್ಯಾಪ್ಸೂಲ್: ಕರ್ಕ್ಯುಮಿನ್‌ಗೆ ಯಾವುದು?

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಅಂಶವೇ ಕರ್ಕ್ಯುಮಿನ್. ಮುಂಬೈಯಲ್ಲಿ ಅದು ಮೂರು ರೂಪದಲ್ಲಿ ಸಿಗುತ್ತದೆ: ಚಳಿಗಾಲದಲ್ಲಿ ದಾದರ್ ಮಾರುಕಟ್ಟೆಗೆ ಬರುವ ಹಸಿ ಅರಿಶಿನ, ಲಾಲ್‌ಬಾಗ್‌ನ ಮಸಾಲೆ ಅಂಗಡಿಗಳ ಒಣ ಕೊಂಬು (ಅಲ್ಲಿ ‘ಹಳಕುಂಡ’ ಎಂದು ಕೇಳಬೇಕು), ಔಷಧದಂಗಡಿಯ ಕ್ಯಾಪ್ಸೂಲ್. ಮೂರನ್ನೂ ಬಳಸಿ ನೋಡಿದ ಮೇಲೆ ದಿನದ ಅಡುಗೆಗೆ ನಮ್ಮ ಆಯ್ಕೆ ಕೊಂಬಿನ ಪುಡಿ.

ಮೊದಲು ಲೆಕ್ಕ. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3. ಒಂದು ಟೀ ಚಮಚ ಪುಡಿ 3 ಗ್ರಾಂ ತೂಗಿದರೆ 90 ಮಿ.ಗ್ರಾಂ ಆಯಿತು. ಹಸಿ ಗೆಡ್ಡೆಯಲ್ಲಿ ಬಹುಪಾಲು ನೀರೇ. ಅಷ್ಟೇ ಕರ್ಕ್ಯುಮಿನ್‌ಗೆ ಸುಮಾರು 15 ಗ್ರಾಂ ತುರಿಯಬೇಕು. ಶೇ. 95 ಕರ್ಕ್ಯುಮಿನ್ ಇರುವ ಸಾರ ತುಂಬಿದ 500 ಮಿ.ಗ್ರಾಂ ಕ್ಯಾಪ್ಸೂಲ್ ಒಂದರಲ್ಲೇ 475 ಮಿ.ಗ್ರಾಂ, ಅಂದರೆ ಐದು ಚಮಚ ಪುಡಿಗೂ ಹೆಚ್ಚು.

ಆದರೆ ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಎಣ್ಣೆ ತುಪ್ಪದಲ್ಲಿ ಕರಗುತ್ತದೆ. ಕರಗಿ ಒಳಹೋದದ್ದನ್ನೂ ಯಕೃತ್ತು ಬೇಗ ಹೊರಹಾಕುತ್ತದೆ. ಅದನ್ನು ತಡೆಯುವುದು ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಏರಿತ್ತು. ಆ 20 ಮಿ.ಗ್ರಾಂಗೆ ಎಂಟು ಹತ್ತು ಕಾಳು ಬೇಕು. ಅಡುಗೆಗೆ ಮೂರು ನಾಲ್ಕು ಕಾಳನ್ನು ಆಗಲೇ ಕುಟ್ಟಿ ಹಾಕಿದರೂ ಒಳ್ಳೆಯದೇ.

ಬೇಯಿಸುವಾಗಲೂ ನಷ್ಟವಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಳತೆಯ ಪ್ರಕಾರ ಕಾಯಿಸಿದಾಗ ಶೇ. 27ರಿಂದ 53ರವರೆಗೆ ಕರ್ಕ್ಯುಮಿನ್ ಹಾಳಾಗುತ್ತದೆ, ಕುಕ್ಕರಿನಲ್ಲಿ ಅತಿ ಹೆಚ್ಚು. ಹುಣಸೆಹಣ್ಣು ಜೊತೆಗಿದ್ದರೆ ನಷ್ಟ ಶೇ. 12ರಿಂದ 30. ಹಾಗಾಗಿ ಬೇಳೆಯ ಜೊತೆ ಕುಕ್ಕರಿಗೆ ಹಾಕದೆ, ಹುಳಿ ಕುದಿಯುವಾಗಲೋ ಒಗ್ಗರಣೆಯ ಎಣ್ಣೆಗೋ ಪುಡಿ ಹಾಕುವುದು ಲಾಭ. ಅಡುಗೆ ಸೋಡಾ ಮಾತ್ರ ಸೇರಿಸಬಾರದು: ಸುಣ್ಣ ಬೆರೆತ ಅರಿಶಿನ ಓಕುಳಿಯಾಗಿ ಕೆಂಪಾಗುವಂತೆ ಕ್ಷಾರದಲ್ಲಿ ಬಣ್ಣ ಬದಲಾಗಿ ಕರ್ಕ್ಯುಮಿನ್ ಬೇಗ ಒಡೆಯುತ್ತದೆ.

ಹಸಿಯದರ ರುಚಿ, ಘಮ ಉಳಿದೆರಡಕ್ಕಿಲ್ಲ. ಕೊಳ್ಳುವಾಗ ಮುರಿದು ನೋಡಿ, ಒಳಗೆ ಗಾಢ ಕಿತ್ತಳೆ ಇರಬೇಕು. ಪಕ್ಕದಲ್ಲೇ ಇಟ್ಟಿರುವ ‘ಆಂಬೆ ಹಳದ್’ ಬೇರೆ ಗೆಡ್ಡೆ, ನಮ್ಮ ಮಾವಿನ ಶುಂಠಿ. ಉಪ್ಪಿನಕಾಯಿಗೆ ಸೊಗಸು, ಕರ್ಕ್ಯುಮಿನ್‌ಗಲ್ಲ.

ಕೊಂಬನ್ನು ಇಡಿಯಾಗಿ ಮಿಕ್ಸಿಗೆ ಹಾಕಿದರೆ ಬ್ಲೇಡ್ ಕೆಡುತ್ತದೆ. ಎರಡು ದಿನ ಬಿಸಿಲಿಗಿಟ್ಟು, ಕುಟ್ಟಿ ಚೂರು ಮಾಡಿ, ಮಸಾಲೆ ಗಿರಣಿಗೆ ಕೊಡಿ. ಅಂಗಡಿಯ ಪುಡಿಯಾದರೆ ಒಂದು ಚಮಚವನ್ನು ಲೋಟ ನೀರಿಗೆ ಹಾಕಿ ಕದಡದೆ ಬಿಡಿ: ಶುದ್ಧವಾದದ್ದು ತಳಕ್ಕಿಳಿದು ನೀರು ತಿಳಿಹಳದಿಯಾಗುತ್ತದೆ, ಬಣ್ಣ ಬೆರೆತಿದ್ದರೆ ನೀರೇ ಕಡುಹಳದಿ. ಮಳೆಗಾಲದ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ, ಬೆಳಕಿಗೆ ಬಣ್ಣಗೆಡುತ್ತದೆ. ಎರಡು ತಿಂಗಳಿಗಾಗುವಷ್ಟೇ ಬೀಸಿಸಿ ಕತ್ತಲಲ್ಲಿಡಿ.

ಕ್ಯಾಪ್ಸೂಲ್ ಆಹಾರವಲ್ಲ, ಔಷಧವೆಂದೇ ಎಣಿಸಬೇಕು. ಮೊಣಕಾಲ ಸಂಧಿವಾತದ ನೋವು ತಗ್ಗಿದ್ದನ್ನು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಪೈಪರಿನ್ ಬೆರೆತ ಕ್ಯಾಪ್ಸೂಲ್‌ನಿಂದ ಯಕೃತ್ತಿಗೆ ಏಟು ಬಿದ್ದ ಪ್ರಕರಣಗಳಿವೆ: ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಂದೇ ನಿಲ್ಲಿಸಿ, ಡಬ್ಬಿ ಸಮೇತ ವೈದ್ಯರ ಬಳಿ ಹೋಗಿ.